ಸಮ್ಮೇದ ಶಿಖರ್ಜಿ ಯಾತ್ರೆಯೂ ಡಿಸೆಂಬರ್ ತಿಂಗಳ ಮಂಜೂ

ನಮ್ಮ ಬಾಯಾರು ಕೇರಳ ರಾಜ್ಯದ ಕಾಸರಗೋಡು ಜಿಲ್ಲೆಯ ಉತ್ತರದ ಅಂಚಿನಲ್ಲಿದೆ. ಸ್ವಲ್ಪ ದೂರ ಹೋದರೆ ಕನ್ಯಾನ, ಅದು ಕರ್ನಾಟಕ. ನಮ್ಮಂತಹ ಮನೆಗಳ ನೆಂಟಸ್ತಿಕೆ, ವ್ಯಾಪಾರ ಎರಡೂ ಗಡಿಯ ಆಚೀಚೆ ಹರಡಿಕೊಂಡಿವೆ. ಅದರಿಂದ ಒಂದು ವಿಚಿತ್ರ ಸಂಕಟವಿದೆ. ವಿಟ್ಲ, ಪುತ್ತೂರಿನ ಮಕ್ಕಳಿಗೆ ದೊಡ್ಡ ರಜೆ ದಸರೆಗೆ ಬರುತ್ತದೆ. ನಮ್ಮ ಮಕ್ಕಳಿಗೆ ಓಣಂಗೆ ಸುಮಾರು ಹತ್ತು ದಿನ, ಕ್ರಿಸ್ಮಸ್ಸಿಗೆ ಸುಮಾರು ಹತ್ತು ದಿನ. ಓಣಂ ಬರುವುದು ಮಳೆಗಾಲದ ಬಾಲದಲ್ಲಿ, ಅದೂ ನಮ್ಮ ದಶಲಕ್ಷಣ ಪರ್ವದ ಆಸುಪಾಸಿನಲ್ಲಿ. ಆಗ ಮನೆ ಬಿಟ್ಟು ದೂರ ಹೋಗುವವರು ಕಡಿಮೆ. ಉಳಿದದ್ದು ಕ್ರಿಸ್ಮಸ್ ರಜೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮರುದಿನವೇ ಮಕ್ಕಳು ಚೀಲ ಮೂಲೆಗೆ ಎಸೆದು "ಎಲ್ಲಿಗೆ ಹೋಗುವುದು?" ಎಂದು ಕೇಳಲು ತೊಡಗುತ್ತಾರೆ.

ಮನೆಯಲ್ಲಿ ಹಿರಿಯರಿದ್ದರೆ ಅವರ ಉತ್ತರ ಒಂದೇ: ಸಮ್ಮೇದ ಶಿಖರ್ಜಿ. ಇಪ್ಪತ್ತನಾಲ್ಕು ತೀರ್ಥಂಕರರಲ್ಲಿ ಇಪ್ಪತ್ತು ಮಂದಿ ಮೋಕ್ಷ ಪಡೆದ ಪರ್ವತವನ್ನು ಜೀವಮಾನದಲ್ಲಿ ಒಮ್ಮೆಯಾದರೂ ಹತ್ತಬೇಕೆಂಬ ಆಸೆ ಯಾರಿಗಿಲ್ಲ? ಮಕ್ಕಳಿಗೆ ರಜೆ, ಹಿರಿಯರಿಗೆ ಯಾತ್ರೆ, ಒಂದೇ ಖರ್ಚಿನಲ್ಲಿ ಎರಡೂ ಆಗುತ್ತದೆ ಎಂಬ ಲೆಕ್ಕ ವ್ಯಾಪಾರಿಯ ಮನಸ್ಸಿಗೆ ಬಹಳ ಹಿಡಿಸುತ್ತದೆ. ಈ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಉತ್ತರ ದೇಶದ ಮಂಜು ಅದರಲ್ಲಿ ಸೇರಿರುವುದಿಲ್ಲ.

ನಮ್ಮ ಕಡೆ ಮಂಜು ಎಂದರೆ ಬೆಳಗಿನ ಬಿಸಿಲು ಏರಿದೊಡನೆ ಕರಗುವ ವಸ್ತು. ಗೇರು, ಮಾವಿನ ಹೂವಿಗೆ ಏನಾಗುತ್ತದೋ ಎಂದು ತೋಟದವರು ಆಕಾಶ ನೋಡುತ್ತಾರೆ, ಅಷ್ಟೇ. ಗಂಗಾನದಿಯ ಬಯಲಿನಲ್ಲಿ ಹಾಗಲ್ಲ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯ ತನಕ, ಪಂಜಾಬಿನಿಂದ ಬಿಹಾರದವರೆಗೆ, ಕೆಲವೊಮ್ಮೆ ದಿನಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಪಶ್ಚಿಮದಿಂದ ಬರುವ ಹವೆಯ ಅಲೆಗಳು ಹಿಮಾಲಯಕ್ಕೆ ಹಿಮ, ಬಯಲಿಗೆ ಒಂದೆರಡು ತುಂತುರು ಮಳೆ ಕೊಟ್ಟು ಹೋಗುತ್ತವೆ. ಮೊದಲೇ ಗೋಧಿ ಗದ್ದೆಗಳಿಗೆ ನೀರು ಹಾಯಿಸಿ ನೆಲವೆಲ್ಲ ತೇವವಾಗಿರುತ್ತದೆ. ಮೋಡ ಸರಿದು ಆಕಾಶ ತಿಳಿಯಾದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಗಾಳಿ ಬೀಸುವುದಿಲ್ಲ. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಮುಚ್ಚಳದಂತೆ ಕುಳಿತುಬಿಡುತ್ತದೆ. ಹೊಗೆ, ಧೂಳಿನ ಕಣಗಳನ್ನು ಹಿಡಿದುಕೊಂಡು ನೀರಿನ ಹನಿಗಳು ಅಲ್ಲಿಯೇ ತೂಗಾಡುತ್ತವೆ. ಇನ್ನೂರು ಮೀಟರಿನಿಂದಾಚೆ ಏನೂ ಕಾಣದಿದ್ದರೆ ಹವಾಮಾನ ಇಲಾಖೆಯವರು ದಟ್ಟ ಮಂಜು ಎನ್ನುತ್ತಾರೆ. ಐವತ್ತು ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ ಮಂಜು. ಐವತ್ತು ಮೀಟರ್ ಎಂದರೆ ರೈಲಿನ ಎರಡು ಬೋಗಿಗಳ ಉದ್ದಕ್ಕಿಂತ ಸ್ವಲ್ಪ ಹೆಚ್ಚು.

ವೇಗವಾಗಿ ಹೋಗುವ ರೈಲನ್ನು ನಿಲ್ಲಿಸಲು ಸುಮಾರು ಒಂದು ಕಿಲೋಮೀಟರ್ ಬೇಕು. ಸಿಗ್ನಲ್ ಕಾಣುವುದು ಐವತ್ತು ಮೀಟರಿನಲ್ಲಿ. ಆದ್ದರಿಂದ ಚಾಲಕನು ವೇಗ ಇಳಿಸದೆ ಗತ್ಯಂತರವಿಲ್ಲ. ಹಿಂದಿನಿಂದ ಒಂದು ಪದ್ಧತಿಯಿದೆ. ಸಿಗ್ನಲಿಗೆ 270 ಮೀಟರ್ ಮೊದಲು ಹಳಿಯ ಮೇಲೆ ಪಟಾಕಿಯಂತಹ ವಸ್ತುವನ್ನು ಕಟ್ಟುತ್ತಾರೆ. ಎಂಜಿನಿನ ಚಕ್ರ ಹರಿದಾಗ ಅದು ಸಿಡಿಯುತ್ತದೆ, ಮುಂದೆ ಸಿಗ್ನಲ್ ಇದೆ ಎಂದು ಚಾಲಕನಿಗೆ ತಿಳಿಯುತ್ತದೆ. ಮೈ ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಹಳಿಯ ಬಳಿ ನಿಂತು ಅದನ್ನು ಕಟ್ಟುವ ಕೆಲಸಗಾರರನ್ನು ನೆನೆದರೆ ತಡವಾಯಿತೆಂದು ಗೊಣಗುವ ಬಾಯಿ ತಾನಾಗಿ ಮುಚ್ಚುತ್ತದೆ. ಈಗ ಉಪಗ್ರಹದ ನೆರವಿನಿಂದ ಮುಂದಿನ ಸಿಗ್ನಲ್ ಎಷ್ಟು ದೂರವಿದೆ ಎಂದು ತೋರಿಸುವ ಯಂತ್ರವೂ ಎಂಜಿನುಗಳಿಗೆ ಬಂದಿದೆ. ಅದಿದ್ದರೂ ಮಂಜಿನಲ್ಲಿ ಗಂಟೆಗೆ 75 ಕಿಲೋಮೀಟರ್ ಮೀರುವಂತಿಲ್ಲ.

ಇಲ್ಲಿ ನಮ್ಮವರು ಗಮನಿಸಬೇಕಾದ ಮಾತೊಂದಿದೆ. "ನಾವು ಹೋಗುವ ದಾರಿಯಲ್ಲಿ ಮಂಜಿಲ್ಲವಲ್ಲ" ಎಂದು ಹೇಳುವವರುಂಟು. ತಡ ಎಂಬುದು ಬಾಕಿ ಹಣದ ಹಾಗೆ. ದಿಲ್ಲಿಯ ಒಬ್ಬ ಸಗಟು ವ್ಯಾಪಾರಿ ಹಣ ಕೊಡದಿದ್ದರೆ ಮಂಗಳೂರಿನವನು ತಡಮಾಡುತ್ತಾನೆ, ಅವನಿಂದ ಬರಬೇಕಾದವನು ಬಾಯಾರಿನಲ್ಲಿ ಕೈಕಟ್ಟಿ ಕೂರುತ್ತಾನೆ. ಹಾಗೆಯೇ, ಉತ್ತರದಿಂದ ಹತ್ತು ಗಂಟೆ ತಡವಾಗಿ ಬಂದ ಗಾಡಿಯನ್ನೇ ತೊಳೆದು, ನೀರು ತುಂಬಿಸಿ ವಾಪಸು ಕಳುಹಿಸಬೇಕು. ಹೊರಡುವ ಊರಿನಲ್ಲಿ ಬಿಸಿಲು ಕಾಯುತ್ತಿದ್ದರೂ ಗಾಡಿ ತಡ. ಮಂಗಳಾ ಎಕ್ಸ್‌ಪ್ರೆಸ್ಸಿನಂತಹ ನಮ್ಮ ಕರಾವಳಿಯ ಗಾಡಿಗಳು ಸಹ ಆಗ್ರಾ, ಮಥುರಾ, ದಿಲ್ಲಿಯ ಮಂಜಿನೊಳಗೆ ಹೊಕ್ಕು ಹೊರಬರಬೇಕಾದವು.

ಶಿಖರ್ಜಿಗೆ ಹತ್ತಿರದ ಸ್ಟೇಷನ್ ಪಾರಸನಾಥ. ಅದು ದಿಲ್ಲಿ ಮತ್ತು ಹೌರಾ ನಡುವೆ ಗಯಾ, ಕೊಡರ್ಮಾ, ಧನಬಾದ್ ಮೇಲೆ ಹೋಗುವ ಮಾರ್ಗದಲ್ಲಿದೆ. ಕಾಸರಗೋಡು ಮಂಗಳೂರಿನಿಂದ ನೇರ ಗಾಡಿಯಿಲ್ಲ. ಮುಂಬಯಿ ಕಡೆಯಿಂದಲೋ, ದಿಲ್ಲಿಯಿಂದಲೋ, ಚೆನ್ನೈ ಮೇಲೆ ಹೌರಾದಿಂದಲೋ ಗಾಡಿ ಬದಲಿಸಿ ಹೋಗಬೇಕು. ಪಶ್ಚಿಮದಿಂದ ಹೋದರೆ ಪ್ರಯಾಗರಾಜದಿಂದ ಗಯೆಯ ತನಕ ಮಂಜಿನ ತವರುಮನೆಯನ್ನೇ ದಾಟಬೇಕು.

ಕೊರೋನಾ ಕಳೆದ ಮೇಲಿನ ಒಂದು ಡಿಸೆಂಬರಿನಲ್ಲಿ ನಮ್ಮ ಮನೆಯಿಂದ ಒಂಬತ್ತು ಮಂದಿ ಹೊರಟೆವು. ಎಪ್ಪತ್ತನಾಲ್ಕು ವರ್ಷದ ನಮ್ಮ ಅಕ್ಕ, ನಾವು ದಂಪತಿಗಳು, ಮಗ, ಸೊಸೆ, ಅಳಿಯ, ಮಗಳು, ಎರಡು ಮೊಮ್ಮಕ್ಕಳು. ಅಕ್ಕನಿಗೆ ಮೊಣಕಾಲು ನೋವು ಹಳೆಯದು. ಆದರೂ ಅವಳದೊಂದು ಹಠವಿತ್ತು: ಮೊಮ್ಮಕ್ಕಳ ಜೊತೆಗೇ ಪಾರ್ಶ್ವನಾಥ ಸ್ವಾಮಿಯ ಟೋಂಕಿನಲ್ಲಿ ನಿಲ್ಲಬೇಕು, ಅರ್ಘ್ಯ ಅವರ ಕೈಯಿಂದ ಕೊಡಿಸಬೇಕು. ಅಡಿಕೆ ಕೊಯ್ಲು ನಡೆಯುವ ಕಾಲದಲ್ಲಿ ಅಂಗಡಿಯನ್ನು ಕೆಲಸದವರ ಕೈಗೆ ಬಿಟ್ಟು ಹೋಗುವುದು ನಮಗೆ ಸುಲಭವಿರಲಿಲ್ಲ. ಅಕ್ಕನ ಮುಖ ನೋಡಿ ಹೊರಟೆವು.

ಬನಾರಸಿನವರೆಗೆ ಎಲ್ಲವೂ ಸುಸೂತ್ರ. ಭೇಲೂಪುರದಲ್ಲಿ ಪಾರ್ಶ್ವನಾಥರ ಜನ್ಮಸ್ಥಳದ ದರ್ಶನ ಮಾಡಿದೆವು. ಅಲ್ಲಿಂದ ಸಂಜೆ ಹತ್ತಿರದ ದೊಡ್ಡ ಜಂಕ್ಷನ್ನಿಗೆ ಬಂದೆವು. ರಾತ್ರಿ ಒಂಬತ್ತರ ಗಾಡಿ, ಬೆಳಗಿನ ಜಾವಕ್ಕೆ ಪಾರಸನಾಥ, ಆ ದಿನ ವಿಶ್ರಾಂತಿ, ಮರುದಿನ ವಂದನೆ, ಆ ರಾತ್ರಿಯೇ ಮರಳುವ ಗಾಡಿ. ಏಳು ಗಂಟೆಗೆ ಹಲಗೆಯ ಮೇಲೆ ಮೂರು ಗಂಟೆ ತಡ ಎಂದಿತು. ಹತ್ತು ಗಂಟೆಗೆ ಏಳು ಗಂಟೆ ತಡ. ಆಮೇಲೆ ನೋಡುವುದನ್ನೇ ಬಿಟ್ಟೆವು. ಪ್ಲಾಟ್‌ಫಾರಂ ಮೇಲೆ ಮಂಜು ಹೊಗೆಯಂತೆ ಹರಿದು ಬರುತ್ತಿತ್ತು, ಎದುರಿನ ಪ್ಲಾಟ್‌ಫಾರಮ್ಮಿನ ದೀಪ ಕಾಣುತ್ತಿರಲಿಲ್ಲ. ತಂದಿದ್ದ ಶಾಲು, ಬೆಡ್‌ಶೀಟು ಎಲ್ಲವನ್ನೂ ಅಕ್ಕನಿಗೆ ಹೊದಿಸಿದೆವು. ಕರಾವಳಿಯವರಿಗೆ ಚಳಿ ಎಂದರೆ ಒಂದು ಶಾಲಿನಷ್ಟು, ಅಲ್ಲಿಯದು ಮೂಳೆಯೊಳಗೆ ಇಳಿಯುವಂಥದ್ದು.

ಗಾಡಿ ಬಂದದ್ದು ಮರುದಿನ ಮಧ್ಯಾಹ್ನ ಒಂದು ಗಂಟೆಗೆ. ಪಾರಸನಾಥ ತಲುಪುವಾಗ ರಾತ್ರಿ ಒಂಬತ್ತೂವರೆ. ಮಧುಬನದ ಧರ್ಮಶಾಲೆಗೆ ಹೋಗಿ ಮುಟ್ಟುವಾಗ ಹನ್ನೊಂದು ಸಮೀಪಿಸಿತ್ತು, ಅಕ್ಕನಿಗೆ ಜ್ವರ ಏರಿತ್ತು. ಪರ್ವತ ಹತ್ತುವವರು ಬೆಳಗಿನ ಜಾವ ಎರಡು, ಮೂರು ಗಂಟೆಗೇ ಹೊರಡಬೇಕು. ಹತ್ತಲು ಒಂಬತ್ತು ಕಿಲೋಮೀಟರ್, ಮೇಲೆ ಟೋಂಕುಗಳ ವಂದನೆಗೆ ಒಂಬತ್ತು, ಇಳಿಯಲು ಒಂಬತ್ತು. ಪರ್ವತದ ಎತ್ತರ 1,365 ಮೀಟರ್. ಡೋಲಿಯಲ್ಲಿ ಕುಳಿತು ಹೋಗುವವರಿಗೂ ಆ ಗಾಳಿ ತಪ್ಪುವುದಿಲ್ಲ. ಅಲ್ಲಿಯ ವೈದ್ಯರೊಬ್ಬರು ನೋಡಿ, ಇವರು ಒಂದು ದಿನವಾದರೂ ಕೋಣೆ ಬಿಟ್ಟು ಹೊರಗೆ ಬರಕೂಡದು ಎಂದರು.

ಎಲ್ಲರೂ ಒಂದು ದಿನ ನಿಲ್ಲೋಣವೆಂದರೆ ಮರಳುವ ಟಿಕೇಟು ಮತ್ತೆ ಒಂಬತ್ತು ಮಂದಿಗೆ ಸಿಗುವ ಲಕ್ಷಣವಿರಲಿಲ್ಲ. ಹೊಸವರ್ಷದ ವಾರ, ಕಾಯುವ ಪಟ್ಟಿ ಉದ್ದಕ್ಕೆ ಬೆಳೆದಿತ್ತು. ಮಕ್ಕಳ ಶಾಲೆ ತೆರೆಯುವುದರಲ್ಲಿತ್ತು, ಅಳಿಯನಿಗೆ ಬ್ಯಾಂಕಿನ ಕೆಲಸ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅಕ್ಕನೇ ಹೇಳಿದಳು:

"ತಮ್ಮಾ, ಮಕ್ಕಳನ್ನು ಹತ್ತಿಸಿ ಕಳುಹಿಸು. ಇಲ್ಲಿಯವರೆಗೆ ಬಂದು ಅವರು ಹತ್ತದೆ ಹೋಗುವುದು ಬೇಡ."

ಸಣ್ಣ ಮೊಮ್ಮಗಳು, "ದೊಡ್ಡಜ್ಜಿ ಬಾರದೆ ನಾನು ಹತ್ತುವುದಿಲ್ಲ" ಎಂದು ಕುಳಿತಳು. ಅವಳನ್ನು ಎಬ್ಬಿಸಲು ಅರ್ಧ ಗಂಟೆ ಹಿಡಿಯಿತು. ಮೂರು ಗಂಟೆಗೆ ಆರು ಮಂದಿ ಹತ್ತಿದರು. ನಿದ್ದೆಯಿಲ್ಲದ ಕಾಲುಗಳು, ಅವಸರದ ವಂದನೆ. ಇಳಿದು ಬಂದವರು ಆ ರಾತ್ರಿಯೇ ಹೊರಟರು. ನಾವು ದಂಪತಿಗಳು ಅಕ್ಕನೊಂದಿಗೆ ಉಳಿದೆವು. ಎರಡು ದಿನ ಬಿಟ್ಟು ಅಕ್ಕ ಡೋಲಿಯಲ್ಲಿ ಹತ್ತಿದಳು, ವಂದನೆ ಪೂರ್ತಿಯಾಯಿತು. ಪಾರ್ಶ್ವನಾಥ ಸ್ವಾಮಿಯ ಟೋಂಕಿನಲ್ಲಿ ಅರ್ಘ್ಯ ಕೊಟ್ಟಾಗ ಮೊಮ್ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿದಳು. ಆ ಹೊತ್ತಿಗೆ ಅವರ ಗಾಡಿ ಊರಿನ ಕಡೆಗೆ ಅರ್ಧ ದಾರಿ ಸಾಗಿತ್ತು.

ಇನ್ನು ಆಹಾರದ ವಿಷಯ. ಇದನ್ನು ಪ್ರವಾಸದ ಪುಸ್ತಕಗಳಲ್ಲಿ ಯಾರೂ ಬರೆಯುವುದಿಲ್ಲ. ನಮ್ಮ ಊರಿನಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ಮಧುಬನದಲ್ಲಿ ಐದು ಗಂಟೆಯ ಸುಮಾರಿಗೇ ಮುಳುಗುತ್ತಾನೆ. ಊರಿನ ಅಭ್ಯಾಸದಂತೆ ಐದೂವರೆಗೆ ತಟ್ಟೆ ಹಾಕೋಣವೆಂದು ಕುಳಿತವರಿಗೆ ಅಂದು ಊಟವಿಲ್ಲ. ಮಂಜಿನ ದಿನ ಸೂರ್ಯನೇ ಕಾಣದಿರುವುದರಿಂದ ಗಡಿಯಾರ, ಪಂಚಾಂಗವೇ ಗತಿ. ಗಾಡಿ ಹದಿನಾರು ಗಂಟೆ ತಡವಾದಾಗ ನಿಯಮ ಇಟ್ಟುಕೊಂಡ ಹಿರಿಯರಿಗೆ ಸ್ಟೇಷನ್ನಿನ ತಿಂಡಿ ನಡೆಯುವುದಿಲ್ಲ, ಬಾಟ್ಲಿ ನೀರೂ ನಡೆಯುವುದಿಲ್ಲ. ನಮ್ಮ ಮನೆಯವರು ಕಟ್ಟಿದ್ದ ಬುತ್ತಿಯಲ್ಲಿ ಹುರಿದ ಅವಲಕ್ಕಿ, ಖಾಕ್ರಾ, ಚಕ್ಕುಲಿ ಎರಡು ದಿನ ಹೆಚ್ಚಿಗೆ ಬಂದವು. ಕುದಿಸಿ ಆರಿಸಿದ ನೀರು ಮಾತ್ರ ಮುಗಿಯಿತು. ವಿದ್ಯುತ್ತಿನ ಸಣ್ಣ ಕೆಟಲ್ ಒಂದನ್ನು ಈಗ ನಾವು ಯಾತ್ರೆಯ ಪೆಟ್ಟಿಗೆಯಲ್ಲಿ ಖಾಯಂ ಇಟ್ಟಿದ್ದೇವೆ. ಗಾಡಿಯ ಬೋಗಿಯಲ್ಲಿ ಅದನ್ನು ಉಪಯೋಗಿಸಕೂಡದು, ರೈಲ್ವೆಯವರ ನಿಷೇಧವಿದೆ. ತಂಗುವ ಕೋಣೆಯಲ್ಲಿ ಕುದಿಸಿ ದೊಡ್ಡ ಫ್ಲಾಸ್ಕಿಗೆ ತುಂಬಿಸಿಕೊಳ್ಳಬೇಕು.

ಹಣದ ಲೆಕ್ಕ ಬಿಡುವವರು ನಾವಲ್ಲವಾದ್ದರಿಂದ ಅದನ್ನೂ ಹೇಳೋಣ. ಗಾಡಿ ಹತ್ತುವ ಸ್ಟೇಷನ್ನಿಗೆ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬರುವುದಾದರೆ, ನಾವು ಪ್ರಯಾಣವನ್ನೇ ಬಿಡುವುದಾದರೆ, ಟಿಕೇಟಿನ ಪೂರ್ತಿ ಹಣ ವಾಪಸು ಸಿಗುತ್ತದೆ. ಆದರೆ ಅರ್ಜಿಯನ್ನು ಆ ಗಾಡಿ ನಿಜವಾಗಿ ಹೊರಡುವುದಕ್ಕೆ ಮೊದಲೇ ಹಾಕಬೇಕು. ಕೌಂಟರಿನ ಟಿಕೇಟಾದರೆ ಅಷ್ಟರೊಳಗೆ ಕೌಂಟರಿಗೇ ಒಪ್ಪಿಸಬೇಕು. ಗಾಡಿ ಹೋದ ಮೇಲೆ ಜಗಳ ಮಾಡಿ ಪ್ರಯೋಜನವಿಲ್ಲ. ಇನ್ನೊಂದು ಸೌಲಭ್ಯ 2019ರ ಏಪ್ರಿಲ್ 1ರಿಂದ ಇದೆ. ಗಾಡಿ ಬದಲಿಸಿ ಹೋಗುವವರು ಎರಡೂ ಟಿಕೇಟುಗಳ ಪಿಎನ್‌ಆರ್ ನಂಬರುಗಳನ್ನು ಒಂದಕ್ಕೊಂದು ಜೋಡಿಸಿಕೊಳ್ಳಬಹುದು. ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ ಆ ಎರಡನೆಯ ಟಿಕೇಟಿನ ಹಣ ಮರಳಿ ಬರುತ್ತದೆ. ಹೆಸರುಗಳು ಎರಡರಲ್ಲಿಯೂ ಒಂದೇ ರೀತಿ ಇರಬೇಕು. ಹಣ ಬರುತ್ತದೆಯೇ ಹೊರತು ಮುಂದಿನ ಗಾಡಿಯಲ್ಲಿ ಸೀಟು ಸಿಗುವುದಿಲ್ಲ ಎಂಬುದನ್ನು ಮರೆಯಬಾರದು. ಪ್ರತಿವರ್ಷ ಡಿಸೆಂಬರಿನಿಂದ ಫೆಬ್ರವರಿಯ ತನಕ ಮಂಜಿನ ಕಾರಣ ಕೆಲವು ಗಾಡಿಗಳನ್ನು ರೈಲ್ವೆಯವರು ಮುಂಚಿತವಾಗಿಯೇ ರದ್ದುಪಡಿಸುತ್ತಾರೆ. ಆ ಪಟ್ಟಿ ನೋಡಿದ ನಂತರವೇ ಟಿಕೇಟು ತೆಗೆಯುವುದು ಕ್ಷೇಮ.

ವಿಮಾನದಲ್ಲಿ ಹೋದರೆ ಮಂಜಿನ ಕಾಟವಿಲ್ಲವೆಂಬ ನಂಬಿಕೆ ಹೊಸ ತಲೆಮಾರಿನವರದು. ಮಂಗಳೂರಿನಿಂದ ಬೆಂಗಳೂರಿಗೆ, ಅಲ್ಲಿಂದ ರಾಂಚಿಗೆ ಹೋಗುತ್ತಾರೆ. ದೇವನಹಳ್ಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಮಂಜು ಕವಿಯುವುದು ಬೆಂಗಳೂರಿನವರಿಗೆಲ್ಲ ಗೊತ್ತು, ರಾಂಚಿಯೂ ಅದಕ್ಕೆ ಹೊರತಲ್ಲ. 2024ರ ಜನವರಿ ನಡುವಿನಲ್ಲಿ ದಿಲ್ಲಿಯ ಮಂಜಿನಿಂದ ದೇಶದ ವಿಮಾನಗಳೆಲ್ಲ ಅಸ್ತವ್ಯಸ್ತವಾದವು. ಗೋವೆಯಿಂದ ದಿಲ್ಲಿಗೆ ಹೊರಟು ಮುಂಬಯಿಯಲ್ಲಿ ಇಳಿಯಬೇಕಾದ ಪ್ರಯಾಣಿಕರು ವಿಮಾನದ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು ಊಟ ಮಾಡಿದ ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಹವಾಮಾನದಿಂದ ವಿಮಾನ ರದ್ದಾದರೆ ಟಿಕೇಟಿನ ಹಣ ಅಥವಾ ಬೇರೆ ವಿಮಾನ ಕೊಡಬೇಕೆಂಬ ನಿಯಮವಿದೆ, ಅದರ ಮೇಲೆ ನಷ್ಟಪರಿಹಾರವಿಲ್ಲ. ಬೆಳಗಿನ ಮೊದಲ ವಿಮಾನದ ಬದಲು ಮಧ್ಯಾಹ್ನದ್ದನ್ನು ಹಿಡಿಯುವುದು ಜಾಣತನ.

ಹಾಗಾದರೆ ದಕ್ಷಿಣಕ್ಕೇ ಹೋಗೋಣ, ಅಲ್ಲಿ ಮಂಜಿಲ್ಲ ಎಂದರೆ ಅಲ್ಲಿ ಬೇರೆಯೇ ಕಥೆ. ನಮಗೆ ಮಳೆ ಮುಗಿದಾಗ ತಮಿಳುನಾಡಿಗೆ ಈಶಾನ್ಯ ಮಾರುತದ ಮಳೆ. 2015ರ ಡಿಸೆಂಬರ್ ಮೊದಲ ವಾರ ಚೆನ್ನೈ ವಿಮಾನ ನಿಲ್ದಾಣ ನೀರಿನಲ್ಲಿ ಮುಳುಗಿ ದಿನಗಟ್ಟಲೆ ಮುಚ್ಚಿತ್ತು. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದಿಂದ ಮತ್ತೆ ಮುಚ್ಚಿತು. ಅದೇ ತಿಂಗಳ 17ರಂದು ತಿರುಚೆಂದೂರಿನಿಂದ ಚೆನ್ನೈಗೆ ಹೊರಟ ಗಾಡಿ ಶ್ರೀವೈಕುಂಠಂನಲ್ಲಿ ಪ್ರವಾಹದ ನಡುವೆ ಸಿಕ್ಕಿಬಿದ್ದು, ಸುಮಾರು 800 ಪ್ರಯಾಣಿಕರಲ್ಲಿ ಹೆಚ್ಚಿನವರು 19ರ ತನಕ ಅಲ್ಲಿಯೇ ಉಳಿದರು. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿದಾಗ ವಿಳುಪ್ಪುರಂ ಜಿಲ್ಲೆಗೆ ವಿಪರೀತ ಮಳೆ ಸುರಿಯಿತು. ತಮಿಳು ಜೈನರ ಮೇಲ್ ಸಿತ್ತಾಮೂರು ಮಠವಿರುವುದು ಅದೇ ಜಿಲ್ಲೆಯಲ್ಲಿ. ಆ ಚಂಡಮಾರುತದ ಬಾಲ ಘಟ್ಟ ದಾಟಿ ಅರಬ್ಬೀ ಸಮುದ್ರಕ್ಕೆ ಹೋಗುವಾಗ ನಮ್ಮ ಮೇಲೂ ಹಾದುಹೋಯಿತು. ಡಿಸೆಂಬರ್ 3ರಂದು ದಕ್ಷಿಣ ಕನ್ನಡ, ಕಾಸರಗೋಡು ಎರಡು ಜಿಲ್ಲೆಗಳಲ್ಲಿಯೂ ಶಾಲೆಗಳಿಗೆ ರಜೆ ಕೊಟ್ಟರು. ಅಂಗಳದಲ್ಲಿ ಹರವಿದ ಅಡಿಕೆ ಒದ್ದೆಯಾದವರ ಪಾಡು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಮನೆಯವರೆಲ್ಲ ಊರು ಬಿಟ್ಟು ಹೋಗುವ ಡಿಸೆಂಬರಿನಲ್ಲಿ ಅಡಿಕೆಗೆ ಟಾರ್ಪಾಲು ಎಳೆಯಲು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಇಷ್ಟೆಲ್ಲ ಬರೆದದ್ದು ಯಾತ್ರೆಗೆ ಹೋಗಬೇಡಿ ಎನ್ನಲಿಕ್ಕಲ್ಲ. ಮಕ್ಕಳ ರಜೆಗೂ ಹಿರಿಯರ ಶಿಖರ್ಜಿಗೂ ಗಂಟು ಹಾಕಬೇಡಿ ಎಂಬುದಷ್ಟೇ ನಮ್ಮ ಅಭಿಪ್ರಾಯ. ಕ್ರಿಸ್ಮಸ್ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಲು ಕಾರ್ಕಳ, ಮೂಡುಬಿದಿರೆ, ವೇಣೂರು, ವರಂಗ ಸಾಲದೇ? ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲು ಡಿಸೆಂಬರಿಗಿಂತ ಒಳ್ಳೆಯ ತಿಂಗಳಿಲ್ಲ, ಬಂಡೆ ಕಾದಿರುವುದಿಲ್ಲ. ಒಂದು ಗಾಡಿ ತಪ್ಪಿದರೆ ಇನ್ನೊಂದು ಬಸ್ಸಿದೆ. ಹಿರಿಯರ ಶಿಖರ್ಜಿ ಯಾತ್ರೆಯನ್ನು ದೀಪಾವಳಿ ಕಳೆದು ನವೆಂಬರಿನಲ್ಲೋ, ಮಂಜು ಸರಿಯುವ ಫೆಬ್ರವರಿ ಎರಡನೆಯ ಪಕ್ಷದಲ್ಲೋ ಇಟ್ಟುಕೊಳ್ಳಬಹುದು. ಮೊಮ್ಮಕ್ಕಳು ಜೊತೆಗಿರಲೇಬೇಕೆಂಬ ಆಸೆಯಿದ್ದರೆ ನಾಲ್ಕು ದಿನ ಶಾಲೆ ತಪ್ಪಲಿ, ಹೆಡ್‌ಮಾಸ್ತರರಲ್ಲಿ ಹೇಳಿ ಕರೆದುಕೊಂಡು ಹೋಗಿ. ಹತ್ತನೆಯ ತರಗತಿಯ ಮಕ್ಕಳಿಗೆ ಮಾರ್ಚಿನಲ್ಲಿ ಪರೀಕ್ಷೆ, ಅವರನ್ನು ಬಿಡಿ.

ಡಿಸೆಂಬರಿನಲ್ಲಿಯೇ ಹೋಗಬೇಕಾದ ಅನಿವಾರ್ಯವಿದ್ದವರು ಗಾಡಿ ಬದಲಿಸುವ ಊರಿನಲ್ಲಿ ಒಂದು ರಾತ್ರಿ, ಮಧುಬನದಲ್ಲಿ ಒಂದು ಪೂರ್ತಿ ದಿನ ಖಾಲಿ ಬಿಟ್ಟು ಟಿಕೇಟು ತೆಗೆಯಬೇಕು. ಆ ಖಾಲಿ ದಿನಕ್ಕೆ ಪಾವಾಪುರಿಯನ್ನೋ ರಾಜಗೃಹವನ್ನೋ ತುಂಬಿಸುವ ಆಸೆ ಬಂದೇ ಬರುತ್ತದೆ. ತುಂಬಿಸಿದರೆ ಅದು ಖಾಲಿ ದಿನವಾಗಿ ಉಳಿಯುವುದಿಲ್ಲ.

ನಮ್ಮ ಮನೆಯಿಂದ ಮತ್ತೊಮ್ಮೆ ಹೋಗುವ ಮಾತು ನಡೆದಿದೆ, ಫೆಬ್ರವರಿ 20ರ ಸುಮಾರಿಗೆ. 2024ರ ನವೆಂಬರಿನಿಂದ ರೈಲ್ವೆ ಮುಂಗಡ ಬುಕ್ಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅದರಂತೆ 20ನೇ ತಾರೀಕಿನ ಟಿಕೇಟು ಡಿಸೆಂಬರ್ 22ರ ಬೆಳಿಗ್ಗೆ ಎಂಟು ಗಂಟೆಗೆ ತೆರೆಯುತ್ತದೆ. ಆಗ ಮಕ್ಕಳು ರಜೆಯಲ್ಲಿ ಮನೆಯಲ್ಲಿಯೇ ಇರುತ್ತಾರೆ. ಮೊಬೈಲಿನಲ್ಲಿ ಟಿಕೇಟು ಹಿಡಿಯುವುದರಲ್ಲಿ ಅವರ ಬೆರಳು ನಮಗಿಂತ ಚುರುಕು.